ಬಾವಿಯವಳು ಕುಡಿದಳೋ ಇಲ್ಲವೋ

ಸೆಲ್ವಾ ಹೊಲಿಗೆಯಂತ್ರವನ್ನು ಸೊಂಟದಿಂದ ಒತ್ತಿ ಗೋಡೆಯ ಕಡೆಗೆ ಸರಿಸುತ್ತಿದ್ದಳು. ಶವಪೆಟ್ಟಿಗೆಗೆ ಜಾಗ ಸಾಲದಾಗಿತ್ತು. ಪೆಟ್ಟಿಗೆಯಲ್ಲಿ ಅವಳ ಅಕ್ಕ ಓಂದಿನಾ, ತಾನೇ ಹೊಲಿದಿಟ್ಟುಕೊಂಡಿದ್ದ ನೀಲಿ ಗೌನು ತೊಟ್ಟು ಮಲಗಿದ್ದಳು. ಗುರುವಾರದ ಮಂದಿ ಆಗಲೇ ಬಂದು ಕುರ್ಚಿಗಳನ್ನು ಎಂದಿನಂತೆ ಸುತ್ತ ಹಾಕಿಕೊಂಡು ಕೂತಿದ್ದರು.

ಉರುಗ್ವೆ ನದಿದಂಡೆಯ ಪೈಸಾಂದೂ ಊರಿನಲ್ಲಿ ಓಂದಿನಾ ಹೊಲಿದ ಗೌನು ತೊಡದ ಮದುಮಗಳು ಅಪರೂಪ. ಗುರುವಾರ ಸಂಜೆ ಮಾತ್ರ ಯಂತ್ರಕ್ಕೆ ರಜೆ. ಅಂದು ಅಂಗಡಿಯ ಹಿಂದಿನ ಈ ಕೋಣೆಯಲ್ಲಿ ಬೇರೆ ಗ್ರಹಗಳ, ಇನ್ನೂ ಬಾರದ ಕಾಲದ ಕಾದಂಬರಿಗಳ ಮೇಲೆ ಚರ್ಚೆ ನಡೆಯುತ್ತಿತ್ತು. ಮಾಟೇ ಕಷಾಯಕ್ಕೆ ನೀರು ಕಾಯಿಸುವುದು ಸೆಲ್ವಾಳ ಪಾಲು. "ಮಂಗಳಗ್ರಹದವರ ಗೋಳು ಕಟ್ಟಿಕೊಂಡು ನನಗೇನಾಗ್ಬೇಕು" ಎನ್ನುತ್ತಲೇ ಅವಳು ಪರದೆಯ ಆಚೆ ನಿಂತಿರುತ್ತಿದ್ದಳು.

"ಅಕ್ಕ ಹೇಳಿಹೋಗಿದ್ದು ಒಂದೇ ಮಾತು," ಎಂದಳು ಸೆಲ್ವಾ. "ನನ್ನನ್ನ ಹೊಗಳ್ಬೇಡಿ, ಪುಸ್ತಕದ ಬಗ್ಗೆ ಮಾತಾಡಿ ಅಂತ. ಮಾತಾಡಿ ಮತ್ತೆ."

ಯಾವ ಪುಸ್ತಕ ಎಂದು ಯಾರೂ ಕೇಳಲಿಲ್ಲ.

*

ವರ್ಷಗಳ ಹಿಂದಿನ ಒಂದು ಗುರುವಾರ, ದೇಶದಲ್ಲಿ ಸೈನ್ಯದ ಆಳ್ವಿಕೆಯ ಕಾಲ. ಅಂದು ಚರ್ಚೆಗಿದ್ದ ಕಾದಂಬರಿಯಲ್ಲೊಂದು ದೂರದ ಗ್ರಹ. ಅಲ್ಲಿನ ದೊರೆ ವರ್ಷಕ್ಕೊಮ್ಮೆ ಪ್ರಜೆಗಳಿಗೆಲ್ಲ ಒಂದು ಬಾವಿಯ ನೀರು ಕುಡಿಸುತ್ತಾನೆ. ಕುಡಿದವರು ತಮಗಾದ ಅನ್ಯಾಯವನ್ನೆಲ್ಲ ಮರೆಯುತ್ತಾರೆ. ಬಾವಿ ಕಾಯುವ ಹೆಂಗಸು ಮಾತ್ರ ಕುಡಿಯದೆ ನೆನಪಿಟ್ಟುಕೊಂಡಿರುತ್ತಾಳೆ. ಕೊನೆಯ ಪುಟದಲ್ಲಿ ಅವಳ ತುಟಿಯ ಬಳಿಗೂ ಲೋಟ ಬರುತ್ತದೆ. ಕಥೆ ಅಲ್ಲಿಗೇ ನಿಲ್ಲುತ್ತದೆ.

"ಅವಳು ಕುಡಿಯಲ್ಲ," ಎಂದಿದ್ದಳು ಓಂದಿನಾ. "ಅವಳೂ ಮರೆತ್ರೆ ಆದದ್ದು ಆಗಿಯೇ ಇಲ್ಲ ಅಂತಾಯ್ತು."

"ಕುಡೀತಾಳೆ," ಎಂದ ಬೇಕರಿಯ ಓಸ್ಮಾರ್. "ಊರಿನ ನೋವೆಲ್ಲ ಒಬ್ಬಳೇ ಎಷ್ಟು ದಿನ ಹೊರ್ತಾಳೆ? ಅದನ್ನ ಬರೆಯೋ ಧೈರ್ಯ ಇಲ್ದೆ ಲೇಖಕ ಓಡಿಹೋದ."

"ಓಡಿಹೋಗಿಲ್ಲ ಕಣಯ್ಯ. ಲೋಟ ನಿನ್ನ ಕೈಗೆ ಕೊಟ್ಟು ಹೋದ."

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಸೈನ್ಯದ ಅಧಿಕಾರಿಯೊಬ್ಬ ಒಳಗೆ ಬಂದ. "ಏನು ಸಭೆ? ರಾಜಕೀಯವಾ?"

"ಇಲ್ಲ ಸ್ವಾಮಿ, ಬೇರೆ ಗ್ರಹದ್ದು," ಎಂದಳು ಓಂದಿನಾ. " ಅಲ್ಲಿ ಸರ್ಕಾರ ಜನಕ್ಕೆ ಮರೆವಿನ ನೀರು ಕುಡಿಸುತ್ತೆ."

ಓಸ್ಮಾರನ ಮುಖ ಅವನ ಹಿಟ್ಟಿಗಿಂತ ಬಿಳುಪಾಯಿತು.

"ಯಾವ ಗ್ರಹ?"

"ಬಹಳ ದೂರ."

ಅಧಿಕಾರಿ ಪುಸ್ತಕ ತಿರುವಿ, ಕೊನೆಯ ಪುಟ ಓದಿ ಕೆಳಗಿಟ್ಟ. ಹೊಸ್ತಿಲು ದಾಟಿದವನು ತಿರುಗಿ ನಿಂತ. "ಮತ್ತೆ, ಕುಡಿದಳಾ?"

"ಇಲ್ಲ," ಎಂದಳು ಓಂದಿನಾ.

"ಕುಡಿದಳು," ಎಂದ ಓಸ್ಮಾರ್, ನಡುಗುತ್ತಲೇ.

*

ಈಗ ಓಸ್ಮಾರ್ ಎದ್ದು, ಪೆಟ್ಟಿಗೆಯ ಅಂಚು ಹಿಡಿದು ಹೇಳಿದ: "ಓಂದಿನಾ ಹೇಳಿದ್ದೇ ಸರಿ. ಅವಳು ಕುಡಿಯಲ್ಲ."

ನರ್ಸ್ ಗ್ಲಾದಿಸ್ ತಲೆದೂಗಿದಳು. ಉಳಿದವರೂ ತಲೆದೂಗಿದರು. ಚರ್ಚೆ ಅಲ್ಲಿಗೇ ಮುಗಿಯಿತು. ಆ ಕೋಣೆ ಅಷ್ಟು ಸುಮ್ಮನಿದ್ದುದನ್ನು ಸೆಲ್ವಾ ಕಂಡೇ ಇರಲಿಲ್ಲ. ಅಕ್ಕ ಸತ್ತಿದ್ದಾಳೆಂಬುದು ಅವಳಿಗೆ ನಾಟಿದ್ದು ಆಗ.

"ಹೇಡಿ," ಎಂದಳು. "ಬದುಕಿದ್ದಾಗ ಒಂದಿನಾನೂ ಒಪ್ಪದೋನು, ಅವಳು ಎದ್ದು ಬಂದು ಜಗಳ ಆಡಲ್ಲ ಅಂತ ಗೊತ್ತಾದ್ಮೇಲೆ ಒಪ್ತೀಯಾ?"

"ಸತ್ತೋರ ಮುಂದೆ ಹೇಗೆ..."

"ಬಾವಿಯವಳು ಕುಡೀತಾಳೆ ಕಣೋ. ಪುಸ್ತಕದಲ್ಲಿ ಅವಳಿಗೊಬ್ಬಳು ತಂಗಿ ಇಲ್ವಾ? ತಂಗಿ ಎಲ್ಲ ಮರೆತು ನಗ್ತಿರ್ತಾಳೆ, ಇವಳು ದೂರ ನಿಂತು ನೋಡ್ತಾಳೆ. ಒಂದಿನ ಜೊತೆಗೆ ಕೂತು ನಗೋಣ ಅನ್ಸಲ್ವಾ ಅವಳಿಗೆ?"

ಓಸ್ಮಾರ್ ಬೆರಗಾದ. "ನೀನ್ಯಾವಾಗ ಓದಿದೆ?"

"ಓದಿದೋರ್ಯಾರು? ಪರದೆ ತೆಳ್ಳಗಿತ್ತು."

ಅವನ ಕಣ್ಣು ಹೊಳೆಯಿತು. ಕುರ್ಚಿ ಮುಂದಕ್ಕೆಳೆದುಕೊಂಡ. "ಹಾಗಾದ್ರೆ ನ್ಯಾಯ? ತಂಗಿ ನಗಲಿ ಅಂತ ಊರಿನ ಅನ್ಯಾಯ ಮುಚ್ಚಿಬಿಡೋದಾ?"

"ಇಬ್ಬರದ್ದೂ ತಪ್ಪು," ಗ್ಲಾದಿಸ್ ಬಾಯಿ ಹಾಕಿದಳು. "ಮೊದಲ ಲೋಟ ದೊರೆಗೆ ಕುಡಿಸ್ಬೇಕಿತ್ತು. ತಾನು ದೊರೆ ಅನ್ನೋದನ್ನೇ ಮರೀತಿದ್ದ."

ಪೆಟ್ಟಿಗೆ ಎತ್ತುವ ಹೊತ್ತಾದರೂ ಮಾತು ನಿಲ್ಲಲಿಲ್ಲ. ಓಸ್ಮಾರ್ ಮುಂದುಗಡೆ ಹೆಗಲು ಕೊಟ್ಟು, ಕತ್ತು ಹೊರಳಿಸಿ ವಾದಿಸುತ್ತಿದ್ದ. ಸೆಲ್ವಾ ಪಕ್ಕದಲ್ಲಿ ಹೆಜ್ಜೆ ಹಾಕುತ್ತ, ಪೆಟ್ಟಿಗೆಯ ಮರವನ್ನು ಬೆರಳಿಂದ ಕುಟ್ಟಿ ಕುಟ್ಟಿ ಉತ್ತರ ಕೊಡುತ್ತಿದ್ದಳು. ಹೊತ್ತವರು ನಗು ತಡೆಯಲಾರದೆ ಪೆಟ್ಟಿಗೆ ಸ್ವಲ್ಪ ಓಲಾಡುತ್ತಿತ್ತು.

ಸ್ಮಶಾನದ ಗೇಟಿನಲ್ಲಿ ಗುಂಡಿ ತೋಡುವವನು ಟೋಪಿ ತೆಗೆದು ತಲೆಬಾಗಿಸಿ ನಿಂತಿದ್ದ. ಮೆರವಣಿಗೆ ಮಾತಿನ ಭರದಲ್ಲಿ ಒಳಗೆ ತಿರುಗುವುದನ್ನೇ ಮರೆತು, ಅವನ ಎದುರಿಗೇ ಹಾದು ನದಿಯ ಕಡೆಯ ಇಳಿಜಾರಿನಲ್ಲಿ ಸಾಗಿಹೋಯಿತು. ತಲೆಯೆತ್ತಿ ನೋಡಿದವನು, ಟೋಪಿ ಬೀಸುತ್ತ ಹಿಂದೆ ಓಡಿದ.