ಪರದೆಯ ಕೆಳಗಿನ ಸಾಲು

ಗಣಿತದ ಮೇಡಂಗೆ ಮಕ್ಕಳು ಇಟ್ಟಿದ್ದ ಹೆಸರು ಗುಡುಗಮ್ಮ. ಅವರು ಪಾಠ ಶುರುಮಾಡಿದರೆ ಪಕ್ಕದ ಕೋಣೆಯ ಇತಿಹಾಸದ ಮೇಷ್ಟ್ರು ತಮ್ಮ ಮೈಕನ್ನು ಬಾಯಿಗೆ ಹತ್ತಿರ ಎಳೆದುಕೊಳ್ಳುತ್ತಿದ್ದರು. ಇಲ್ಲದಿದ್ದರೆ ಅವರ ರಾಜರ ಯುದ್ಧಗಳ ನಡುವೆ ವೃತ್ತದ ಪರಿಧಿ ನುಗ್ಗಿಬಿಡುತ್ತಿತ್ತು.

ಆ ಶಾಲೆಗೆ ಮಕ್ಕಳು ಬರುತ್ತಿರಲಿಲ್ಲ. ಹಳೆಯ ಕಟ್ಟಡವೊಂದರ ಮೇಲಂತಸ್ತಿನಲ್ಲಿ ಮೇಷ್ಟ್ರುಗಳಿಗೆ ಒಂದೊಂದು ಚಿಕ್ಕ ಕೋಣೆ, ಕೋಣೆಗೊಂದು ಗಾಜಿನ ಬಾಗಿಲು, ಒಳಗೆ ಕಂಪ್ಯೂಟರ್. ಹಾಸಿಗೆ ಹಿಡಿದ ಮಕ್ಕಳು, ಅಪ್ಪ ಅಮ್ಮನ ಕೆಲಸದ ಹಿಂದೆ ಊರೂರು ಅಲೆಯುವ ಮಕ್ಕಳು, ಹತ್ತಿರದಲ್ಲಿ ಶಾಲೆಯೇ ಇಲ್ಲದ ಮಕ್ಕಳು ಎಲ್ಲೆಲ್ಲೋ ಕೂತು ಫೋನಿನಲ್ಲಿ ಕಲಿಯುತ್ತಿದ್ದರು. ಶನಿವಾರ ಮಧ್ಯಾಹ್ನ ಮಾತ್ರ ಮೇಷ್ಟ್ರುಗಳೆಲ್ಲ ಉದ್ದನೆಯ ಮೇಜಿನ ಸುತ್ತ ಸೇರುತ್ತಿದ್ದರು. ಆ ವಾರ ಯಾರು ಯಾವ ಹೊಸ ಆ್ಯಪ್ ಬಳಸಿ ನೋಡಿದರು, ಮಕ್ಕಳಿಗೆ ಅದರಿಂದ ಉಪಯೋಗವಾಯಿತೋ ತಲೆನೋವಾಯಿತೋ ಎಂದು ಹೇಳಬೇಕು. ಉಳಿದವರು ಬೆಂಡೆಕಾಯಿಯ ತುದಿ ಮುರಿದು ನೋಡುವ ಹಾಗೆ ಅದನ್ನು ಮುರಿದು ನೋಡಬೇಕು. ಕೊನೆಗೆ ಹತ್ತಕ್ಕೆ ಎಷ್ಟು ಅಂಕ ಎಂಬ ತೀರ್ಪು. ತೀರ್ಪು ಕೊಡುತ್ತಿದ್ದವರು ಗುಡುಗಮ್ಮನೇ. ಅವರ ಕೈಯಲ್ಲಿ ಆರು ಅಂಕ ಗಿಟ್ಟಿಸುವುದೂ ಕಷ್ಟ ಎಂದು ಎಲ್ಲರಿಗೂ ಗೊತ್ತಿತ್ತು.

ಅವರ ದೊಡ್ಡ ದನಿಗೆ ಒಂದು ಕಾರಣವಿತ್ತು. ಅದು ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮನೆಯಲ್ಲಿ ಅತ್ತೆಗೆ ವಯಸ್ಸಾಗಿ ಕಿವಿ ಮಂದವಾಗಿತ್ತು. ಉಪ್ಪಿನ ಡಬ್ಬಿ ಎಲ್ಲಿ ಎಂದು ಕೇಳಬೇಕಾದರೂ ಬೀದಿಗೆ ಕೇಳುವ ಹಾಗೆ ಕೂಗಬೇಕಿತ್ತು. ಎಲ್ಲರೂ ಕೂಗಾಡುವ ಆ ಮನೆಯಲ್ಲಿ ಸೊಸೆಯ ಕಿವಿಯೂ ಕೈಕೊಡುತ್ತಿದೆ ಎಂಬುದು ಬಹಳ ಕಾಲ ಯಾರಿಗೂ ಹೊಳೆಯಲಿಲ್ಲ. ಒಂದು ದಿನ ಕುಕ್ಕರ್ ಕೂಗಿ ಕೂಗಿ ತಳ ಹಿಡಿಯಿತು. ಮೇಡಂ ಅದರ ಪಕ್ಕದಲ್ಲೇ ನಿಂತು ತರಕಾರಿ ಹೆಚ್ಚುತ್ತಿದ್ದರು. ಆವತ್ತು ಗಂಡನಿಗೆ ಅರ್ಥವಾಯಿತು. ಅವರಿಗೆ ಬಸ್ ನಿಲ್ದಾಣದ ಎದುರು ಕನ್ನಡಕದ ಅಂಗಡಿಯಿತ್ತು.

"ಕಣ್ಣಿಗಾದ್ರೆ ನಾನಿದ್ದೆ ಕಣೇ, ಕಿವಿಗೆ ಏನ್ ಮಾಡ್ಲಿ?" ಎಂದರು. ನಗಿಸಲೆಂದೇ ಹಾಗೆಂದರೂ ಅವರ ಮುಖದಲ್ಲಿ ನಗು ಇರಲಿಲ್ಲ.

ಕಿವಿಯ ಡಾಕ್ಟರು ಒಳ್ಳೆಯ ಸುದ್ದಿಯನ್ನೇನೂ ಹೇಳಲಿಲ್ಲ. ನರ ಸೋಲುತ್ತಾ ಬಂದಿದೆ, ಯಂತ್ರ ಹಾಕಿದರೆ ಸದ್ದು ದೊಡ್ಡದಾಗುತ್ತದೆ, ಮಾತು ಬಿಡಿಬಿಡಿಯಾಗಿ ತಿಳಿಯುವುದಿಲ್ಲ, ಇನ್ನು ಮುಂದೆ ಇಳಿಮುಖವೇ ಎಂದರು. ಮೇಡಂ ಮನೆಗೆ ಬರುವ ದಾರಿಯಲ್ಲಿ ಒಂದೇ ಮಾತು ಹೇಳಿದರು: "ರೀ, ಶಾಲೇಲಿ ಗೊತ್ತಾಗೋದು ಬೇಡ. ಪಾಠ ಬಿಡಿಸಿಬಿಡ್ತಾರೆ."

ತಲೆಗೆ ಹೆಡ್‌ಫೋನು ಹಾಕಿಕೊಂಡು, ದನಿಯನ್ನು ತುದಿಯವರೆಗೂ ಏರಿಸಿ, ಮಕ್ಕಳ ತುಟಿಗಳನ್ನೇ ನೋಡುತ್ತಾ ಅವರು ಹೇಗೋ ದಿನ ದೂಡುತ್ತಿದ್ದರು. ಅಷ್ಟರಲ್ಲಿ ವಿಜ್ಞಾನದ ಮೇಷ್ಟ್ರು ಶನಿವಾರದ ಮೇಜಿಗೆ ಒಂದು ಹೊಸ ಆ್ಯಪ್ ತಂದ. ವಾರಕ್ಕೊಂದು ಐಡಿಯಾ ತರುತ್ತಿದ್ದ ಆ ಎಳೆಯ ಮೇಷ್ಟ್ರಿಗೆ ಎಲ್ಲರೂ ಬಲ್ಬು ಎನ್ನುತ್ತಿದ್ದರು.

"ಕಿವಿ ಕೇಳಿಸ್ದೇ ಇರೋ ಮಕ್ಕಳಿಗೆ ಅಂತ ಮಾಡಿದ್ದು. ಯಾರು ಏನ್ ಮಾತಾಡಿದ್ರೂ ಪರದೆ ಕೆಳಗಡೆ ಅಕ್ಷರ ಆಗಿ ಬರುತ್ತೆ," ಎಂದ ಬಲ್ಬು. "ಯಾರಾದ್ರೂ ಒಬ್ರು ಟೆಸ್ಟ್ ಮಾಡ್ಬೇಕು."

"ನಾನು ಮಾಡ್ತೀನಿ," ಎಂದರು ಮೇಡಂ. ಅವನ ಮಾತು ಮುಗಿದಿರಲೂ ಇಲ್ಲ.

ಮೊದಲ ದಿನವೇ ಅವರಿಗೆ ಹೋದ ಜೀವ ಬಂದಂತಾಯಿತು. ಮಕ್ಕಳ ಮಾತು ಪರದೆಯ ಕೆಳಗಿನ ಸಾಲಿನಲ್ಲಿ ಪಟಪಟನೆ ಮೂಡುತ್ತಿತ್ತು. ತಪ್ಪುಗಳೂ ಇದ್ದವು. ಹುಡುಗನೊಬ್ಬ ತ್ರಿಜ್ಯ ಎಂದರೆ ಅದು ತ್ಯಾಜ್ಯ ಎಂದು ಬರೆಯಿತು. ಲಂಬಕೋನವನ್ನು ರಂಬೆಕೋಣ ಮಾಡಿತು. ಮುಂದಿನ ಶನಿವಾರ ಮೇಡಂ ಅದನ್ನೆಲ್ಲ ಹೇಳಿದಾಗ ಇತಿಹಾಸದ ಮೇಷ್ಟ್ರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಕೋಣಕ್ಕೆ ಎಷ್ಟು ಡಿಗ್ರಿ ಅಂತೆ?" ಎಂದು ಕೇಳಿದರು. ಮೇಡಂ ಎಲ್ಲರ ಜತೆ ನಕ್ಕು ಹತ್ತಕ್ಕೆ ಒಂಬತ್ತು ಕೊಟ್ಟರು. ಮೇಜಿನ ಸುತ್ತ ಇದ್ದವರು ಮುಖ ಮುಖ ನೋಡಿಕೊಂಡರು. ಗುಡುಗಮ್ಮನಿಂದ ಒಂಬತ್ತು!

ಅವರ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಲಾರಿ ಡ್ರೈವರನ ಮಗಳು. ಏನು ಹೇಳಿಕೊಟ್ಟರೂ "ಯಾಕೆ?" ಎಂದು ಕೇಳುತ್ತಿದ್ದುದರಿಂದ ಮೇಡಂ ಅವಳನ್ನು ಯಾಕಮ್ಮ ಎಂದೇ ಕರೆಯುತ್ತಿದ್ದರು. "ಮೈನಸ್ಸನ್ನ ಮೈನಸ್ಸಿಂದ ಗುಣಿಸಿದ್ರೆ ಪ್ಲಸ್ ಯಾಕೆ ಆಗ್ಬೇಕು ಮೇಡಂ?" ಎಂದು ಹಟ ಹಿಡಿದು, ಒಂದಿಡೀ ಪಾಠವನ್ನೇ ನುಂಗಿದ್ದಳು. ಅವರ ಮನೆಯಲ್ಲಿ ಇದ್ದದ್ದು ಒಂದೇ ಫೋನು. ಅಪ್ಪ ಲೋಡಿನ ಮೇಲೆ ಹೊರಟರೆ ಅದೂ ಅವನ ಜೇಬಿನಲ್ಲಿ ಹೊರಡುತ್ತಿತ್ತು. ಹಾಗಾಗಿ ಅವಳು ತಪ್ಪಿಸಿಕೊಂಡ ಪಾಠಗಳಿಗೆಲ್ಲ ಕಾರಣ ಒಂದೇ: "ಅಪ್ಪ ಹೋಗಿದ್ರು ಮೇಡಂ." ಊರಲ್ಲಿದ್ದಾಗ ಅಪ್ಪನೂ ಮಗಳ ಪಕ್ಕ ಕೂರುತ್ತಿದ್ದ. ಪಾಠ ಮುಗಿದ ಮೇಲೆ ಪರದೆಯೊಳಗೆ ಮುಖ ತೂರಿಸಿ, "ನನಗೂ ಒಂಚೂರು ಅರ್ಥ ಆಯ್ತು ಮೇಡಂ," ಎಂದು ನಗುತ್ತಿದ್ದ.

ಆ ಸಲ ಅವಳು ಒಂದೆರಡು ವಾರ ಬರಲಿಲ್ಲ. ಬಂದಾಗ ಮುಖ ಕಾಣಿಸಲಿಲ್ಲ. ಕ್ಯಾಮೆರಾ ಆಫ್ ಆಗಿತ್ತು. ಕಪ್ಪು ಚೌಕದೊಳಗೆ ಹೆಸರು ಮಾತ್ರ. ಪರೀಕ್ಷೆ ಹತ್ತಿರ ಬಂದಿತ್ತು. ಮೇಡಂಗೆ ಒಳಗೊಳಗೇ ಕಳವಳವಿತ್ತು.

"ಏನಮ್ಮಾ ಯಾಕಮ್ಮ, ಎಲ್ಲಿ ಮಾಯ ಆಗಿದ್ದೆ? ಕೊಟ್ಟ ಲೆಕ್ಕ ಮಾಡಿದ್ಯಾ?"

ಕೆಳಗಿನ ಸಾಲಿನಲ್ಲಿ ಅಕ್ಷರಗಳು ಬಂದವು: ಅಪ್ಪ ಹೋಗ್ಬಿಟ್ರು ಮೇಡಂ.

"ಹೋದ್ರೆ ಹೋಗ್ಲಿ ಬಿಡು," ಎಂದರು ಮೇಡಂ, ಎಂದಿನ ಗುಡುಗಿನಲ್ಲೇ. "ಈ ಸಲ ಫೋನಾದ್ರೂ ಬಿಟ್ಟು ಹೋಗಿದ್ದಾರಲ್ಲ, ಬರೋವಾಗ ಬರ್ತಾರೆ. ಅದೇ ನೆಪ ಎಷ್ಟು ದಿನ ಹೇಳ್ತೀಯ? ನಿನ್ನ ಲೆಕ್ಕದ ಕಥೆ ಹೇಳು."

ಸಾಲು ಖಾಲಿಯಾಗಿತ್ತು. ಅದರಲ್ಲಿ ಏನೂ ಬರಲಿಲ್ಲ. ಮೇಡಂ ಪರದೆಯನ್ನು ನೋಡಿದರು. ಉಳಿದ ಚೌಕಗಳಲ್ಲಿ ಮಕ್ಕಳು ಕಲ್ಲಾಗಿ ಕೂತಿದ್ದರು. ಒಬ್ಬಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಏನೋ ಎಡವಟ್ಟಾಗಿದೆ ಎಂದು ಅವರಿಗೆ ಅನ್ನಿಸಿತು. ಏನೆಂದು ಮಾತ್ರ ತಿಳಿಯಲಿಲ್ಲ. ಆಮೇಲೆ ಇನ್ಯಾರದೋ ಮಾತು ನಿಧಾನವಾಗಿ ಕೆಳಗೆ ಮೂಡಿತು: ಮೇಡಂ ಅವಳ ಅಪ್ಪ ತೀರ್ಕೊಂಡ್ರು.

ಅದನ್ನು ಓದಿ ತಲೆಯೆತ್ತುವಷ್ಟರಲ್ಲಿ ಕಪ್ಪು ಚೌಕ ಇರಲಿಲ್ಲ.

ಅವರು ಪಾಠ ಹೇಗೆ ಮುಗಿಸಿದರೋ ಅವರಿಗೇ ನೆನಪಿಲ್ಲ. ಎದ್ದು ಬಲ್ಬುವಿನ ಕೋಣೆಗೆ ಹೋಗಿ, ತರಗತಿಯ ರೆಕಾರ್ಡಿಂಗು ಹಾಕಿಸಿ, ತಮ್ಮ ಹೆಡ್‌ಫೋನನ್ನು ಅವನ ಮುಂದೆ ಹಿಡಿದರು.

"ಸ್ವಲ್ಪ ಕೇಳಿ ಹೇಳಪ್ಪ. ಆ ಹುಡುಗಿ ಹೇಗೆ ಹೇಳಿದ್ಲು?"

ಅವನು ಹಾಕಿಕೊಂಡು ಕೇಳಿದ. ಕೇಳುತ್ತಾ ಕೇಳುತ್ತಾ ಅವನ ಮುಖ ಸಣ್ಣದಾಯಿತು. ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟ. ಮೇಡಂ ಅವನ ತುಟಿಗಳನ್ನೇ ನೋಡುತ್ತಿದ್ದರು.

"ಅಳ್ತಾ ಇದ್ಲು ಮೇಡಂ. ನೀವು ಮಾತಾಡ್ಸೋಕೆ ಮುಂಚೇನೇ ಅಳ್ತಾ ಇದ್ಲು. ಬಿಕ್ಕಿ ಬಿಕ್ಕಿ." ಅವನು ಕೇಳಿದ: "ನಿಮಗೆ... ಕೇಳಿಸ್ಲಿಲ್ವಾ?"

"ಇಲ್ಲ," ಎಂದರು ಮೇಡಂ. "ಆ ಆ್ಯಪ್ ಬಂದಾಗಿಂದ ಅಲ್ಲಪ್ಪ. ಅದಕ್ಕೂ ಬಹಳ ಮುಂಚಿಂದ."

ಅವನು ಕುರ್ಚಿ ಎಳೆದು ಅವರನ್ನು ಕೂರಿಸಿದ. ಇಬ್ಬರೂ ಪರದೆಯ ಮೇಲೆ ನಿಂತುಹೋಗಿದ್ದ ಆ ಮೂರು ಪದಗಳನ್ನು ನೋಡುತ್ತಾ ಕೂತರು. ಒಂದಕ್ಷರವೂ ತಪ್ಪಿರಲಿಲ್ಲ. ದೀರ್ಘ, ಒತ್ತು ಎಲ್ಲ ಸರಿಯಾಗಿದ್ದವು. ಹೋಗ್ಬಿಟ್ರು ಎಂದರೆ ಲಾರಿ ಹತ್ತಿ ಹೋದರು ಎಂದೂ ಆಗುತ್ತದೆ, ಮತ್ತೆ ಬಾರದ ಹಾಗೆ ಹೋದರು ಎಂದೂ ಆಗುತ್ತದೆ. ಯಾವುದೆಂದು ಹೇಳುವುದು ಹೇಳುವವರ ಗಂಟಲು. ಆ ಗಂಟಲು ಮೇಡಂವರೆಗೆ ಬಂದಿರಲಿಲ್ಲ.

ಸಂಜೆ ಗಂಡನ ಅಂಗಡಿಯಲ್ಲಿ ಕೂತು ಹುಡುಗಿಯ ಮನೆಗೆ ಫೋನು ಮಾಡಿಸಿದರು. ಫೋನಿನ ಮಾತು ಅವರಿಗೆ ಈಚೆಗೆ ಬರೀ ಗೊರಗೊರ ಸದ್ದಾಗಿತ್ತು. ಹುಡುಗಿಯ ದೊಡ್ಡಮ್ಮ ಎತ್ತಿದರು. ಅವರು ಹೇಳಿದ್ದನ್ನು ಗಂಡ ಕೇಳಿ ಕೇಳಿ ಹೆಂಡತಿಯ ಕಡೆ ತಿರುಗಿ ಬಿಡಿಸಿ ಹೇಳಿದರು: ಲಾರಿ ನಿಲ್ಲಿಸಿ ಮಲಗಿದವನು ಎದ್ದೇಳಲಿಲ್ಲವಂತೆ. ಎದೆನೋವಂತೆ. ಮನೆಗೆ ಸುದ್ದಿ ಮುಟ್ಟಿದ್ದೇ ಮಾರನೆಯ ದಿನವಂತೆ.

"ಮಗು ಮಾತಾಡುತ್ತಾ ಕೇಳ್ರಿ."

ಗಂಡ ಕೇಳಿದರು. ಕಾದರು. ತಲೆಯಾಡಿಸಿದರು. "ಬೇಡ ಅಂತಿದ್ದಾಳಂತೆ."

ಭಾನುವಾರ ಮೇಡಂ ಬಸ್ಸು ಹತ್ತಿ ಹೋದರು. ಲಾರಿಗಳು ಸಾಲಾಗಿ ನಿಲ್ಲುವ ಬಯಲಿನ ಹಿಂದೆ ಎರಡು ಕೋಣೆಯ ಮನೆ. ತಾಯಿ ಗೋಡೆಗೊರಗಿ ಕೂತಿದ್ದಳು. ಪಕ್ಕದಲ್ಲಿ ಕಟ್ಟಿಟ್ಟ ಗಂಟುಮೂಟೆಗಳು. ಅವಳ ತಮ್ಮನ ಊರಿಗೆ ಹೊರಡುವ ಸಿದ್ಧತೆ ನಡೆದಿತ್ತು. ಹುಡುಗಿ ಕಿಟಕಿಯ ಕಡೆ ಮುಖಮಾಡಿ ನಿಂತಿದ್ದಳು. ಪರದೆಯಲ್ಲಿ ಕಂಡದ್ದಕ್ಕಿಂತ ಬಹಳ ಕುಳ್ಳಗೆ, ಬಹಳ ಚಿಕ್ಕವಳಾಗಿ ಕಂಡಳು. ಅವಳ ಭುಜ ಅಲುಗಿತು. ಏನೋ ಹೇಳುತ್ತಿದ್ದಾಳೆ ಎಂದಷ್ಟೇ ಮೇಡಂಗೆ ತಿಳಿಯಿತು.

"ಈ ಕಡೆ ತಿರುಗು ಕಂದಾ," ಎಂದರು. "ನೀನು ಆ ಕಡೆ ನೋಡ್ಕೊಂಡು ಮಾತಾಡಿದ್ರೆ ನನಗೆ ಗೊತ್ತಾಗಲ್ಲ. ನನಗೆ ಕಿವಿ ಕೇಳಿಸಲ್ಲ ಕಣಮ್ಮ."

ಹುಡುಗಿ ತಿರುಗಿದಳು. ಕಣ್ಣುಗಳು ಊದಿಕೊಂಡಿದ್ದವು.

"ಆವತ್ತು ನೀನು ಅಳ್ತಾ ಇದ್ದದ್ದು ನನಗೆ ಕೇಳಿಸ್ಲಿಲ್ಲ. ಓದ್ಕೊಂಡೆ ಅಷ್ಟೆ. ಎಂದಿನ ಹಾಗೆ ಲೋಡಿಗೆ ಹೋಗಿದ್ದಾರೆ ಅಂದ್ಕೊಂಡೆ."

ಹುಡುಗಿ ಅವರ ಮುಖ ನೋಡಿದಳು. ಆಮೇಲೆ ತುಟಿ ಬಿಡಿಸಿ, ಒಂದೊಂದೇ ಪದ ಕಾಣುವ ಹಾಗೆ ಕೇಳಿದಳು: "ಯಾಕೆ ಮೊದಲೇ ಹೇಳ್ಲಿಲ್ಲ ಮೇಡಂ? ಹೇಳಿದ್ರೆ ನಾನು ತೀರ್ಕೊಂಡ್ರು ಅಂತಾನೇ ಅಂತಿದ್ನಲ್ಲ."

ಪಾಠ ಬಿಡಿಸಿಬಿಡುತ್ತಾರೆ ಎಂಬ ಭಯ ಆ ಮನೆಯೊಳಗೆ ನಿಂತು ಹೇಳಿಕೊಳ್ಳುವಂಥ ಉತ್ತರವಾಗಿರಲಿಲ್ಲ. ಅವರು ಕೈಚಾಚಿ ಹುಡುಗಿಯ ತಲೆಯ ಮೇಲಿಟ್ಟರು. ಅವಳು ತಡೆಯಲಿಲ್ಲ, ಹತ್ತಿರವೂ ಬರಲಿಲ್ಲ. ತಾಯಿ ಎದ್ದು ಬಂದು ನೀರು ಕೊಟ್ಟಳು. "ನಿಮ್ಮ ಪಾಠ ಅಂದ್ರೆ ಅವರಿಗೆ ಬಹಳ ಇಷ್ಟ ಇತ್ತು," ಎಂದಳು. ಮೇಡಂಗೆ ಆ ಮಾತು ತುಟಿಯಲ್ಲಿ ಪೂರ್ತಿ ಕಂಡಿತು. ಕಾಣದಿದ್ದರೇ ಚೆನ್ನಾಗಿತ್ತು ಎನ್ನಿಸಿತು.

ಆ ಹುಡುಗಿ ಮತ್ತೆ ತರಗತಿಗೆ ಬರಲಿಲ್ಲ. ಸೋದರಮಾವನ ಊರಿನಲ್ಲಿ ಶಾಲೆಗೆ ಸೇರಿದಳೆಂದು ಒಬ್ಬರು, ಬಟ್ಟೆ ಕಾರ್ಖಾನೆಗೆ ಸೇರಿದಳೆಂದು ಇನ್ನೊಬ್ಬರು ಹೇಳಿದರು. ಆ ಫೋನಿಗೆ ಆಮೇಲೆ ಯಾವಾಗ ಮಾಡಿದರೂ ಸ್ವಿಚ್ ಆಫ್.

ಮುಂದಿನ ಶನಿವಾರ ಮೇಡಂ ಮೇಜಿನ ಮುಂದೆ ನಡೆದದ್ದೆಲ್ಲವನ್ನೂ ಹೇಳಿದರು. ಯಾರೂ ನಗಲಿಲ್ಲ. ಇತಿಹಾಸದ ಮೇಷ್ಟ್ರು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು.

"ಹಾಗಾದ್ರೆ ಆ ಒಂಬತ್ತು ಅಂಕ ವಾಪಸ್ಸು ತಗೊಳ್ಳೋಣ್ವಾ ಮೇಡಂ?" ಎಂದು ಬಲ್ಬು ಕೇಳಿದ.

"ಬೇಡ. ಪಾಪ, ಅದು ಹೇಳಿದ್ದು ಸರಿಯಾಗೇ ಇತ್ತು. ಕಿವುಡು ಮಕ್ಕಳಿಗೆ ಕೊಡಿ, ಅವರಿಗೆ ಅದು ಬೇಕು. ಆದ್ರೆ ಪಾಠ ಮಾಡೋರು ಮಗು ಮುಖ ಕಾಣಿಸ್ತಾ ಇದ್ಯಾ ಅಂತ ನೋಡಿ ಮಾತಾಡ್ಬೇಕು. ಮುಖ ಇಲ್ದೇ ಇದ್ರೆ, ಬರೀ ಅಕ್ಷರ ನಂಬ್ಕೊಂಡು ಬೈಬೇಡಿ." ಅವರ ದನಿ ಎಂದಿಗಿಂತ ಸಣ್ಣಗಿತ್ತು. ಎಷ್ಟು ಸಣ್ಣಗಿತ್ತೆಂದರೆ ಮೇಜಿನ ಆ ತುದಿಯವರು ಮುಂದಕ್ಕೆ ಬಾಗಬೇಕಾಯಿತು.

ಪ್ರಿನ್ಸಿಪಾಲರು ಒಳ್ಳೆಯವರು. ಬೈಯಲಿಲ್ಲ. ಈ ವರ್ಷ ಮುಗಿಯಲಿ, ಆಮೇಲೆ ಪ್ರಶ್ನೆಪತ್ರಿಕೆ ಸಿದ್ಧಮಾಡುವ, ಉತ್ತರ ತಿದ್ದುವ ಕೆಲಸ ನೋಡಿಕೊಳ್ಳಿ ಎಂದರು. ವರ್ಷ ಮುಗಿಯುವವರೆಗೂ ಮೇಡಂ ಕಾಯಲಿಲ್ಲ. ತಿಂಗಳ ಕೊನೆಗೇ ತಮ್ಮ ತರಗತಿಯನ್ನು ಬಲ್ಬುವಿಗೆ ಒಪ್ಪಿಸಿದರು.

ಕೊನೆಯ ಪಾಠದ ದಿನ ಮಕ್ಕಳಿಗೆ ವಿಷಯ ತಿಳಿಸಿದರು. ಯಾಕೆ ಹೋಗುತ್ತಿದ್ದೇನೆ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಹೇಳಿ ಮುಗಿಸಿದ್ದೇ ತಡ, ಎಲ್ಲ ಚೌಕಗಳಲ್ಲೂ ಬಾಯಿಗಳು ಒಟ್ಟಿಗೆ ಅಲುಗತೊಡಗಿದವು. ಅಷ್ಟು ಜನ ಒಮ್ಮೆಲೇ ಮಾತಾಡಿದಾಗ ಪರದೆಯ ಕೆಳಗಿನ ಸಾಲಿಗೆ ಯಾರನ್ನು ಹಿಡಿಯಬೇಕೋ ತೋಚಲಿಲ್ಲ; ಅರ್ಧರ್ಧ ಪದಗಳನ್ನು ಮೂಡಿಸಿ ಅಳಿಸಿ, ಕಡೆಗೆ ಸುಮ್ಮನಾಯಿತು. ಮೇಡಂ ಒಬ್ಬೊಬ್ಬರ ಮುಖವನ್ನೂ ನೋಡಿ, ಕೇಳಿಸಿತು ಎಂಬಂತೆ ತಲೆಯಾಡಿಸಿದರು.

ಮಕ್ಕಳು ಕೈಬೀಸಿ ಒಬ್ಬೊಬ್ಬರಾಗಿ ಹೊರಟರು. ಒಂದು ಚೌಕ ಮಾತ್ರ ಉಳಿಯಿತು. ಯಾರೋ ಆಫ್ ಮಾಡಲು ಮರೆತು ಎದ್ದುಹೋಗಿದ್ದರು. ಖಾಲಿ ಕುರ್ಚಿ, ಅದರ ಹಿಂದೆ ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆ, ತೆರೆದ ಬಾಗಿಲು. ಗಾಳಿ ಬೀಸುತ್ತಿರಬೇಕು, ಬಟ್ಟೆ ಅಲುಗುತ್ತಿತ್ತು. ಮೇಡಂ ಹೆಡ್‌ಫೋನು ತೆಗೆದಿಟ್ಟು, ಯಾರಾದರೂ ಬರುತ್ತಾರೇನೋ ಎಂದು ನೋಡುತ್ತಾ ಬಹಳ ಹೊತ್ತು ಅಲ್ಲೇ ಕೂತಿದ್ದರು.