ಬೆಳಕಿಗಿಂತ ಮುಂದೆ

ಬೆಳಗಿನಿಂದ ಮಲಗಿದ ಗೆರೆ ಪರದೆಯ ಮೇಲೆ ಇನ್ನೂ ತಲೆ ಎತ್ತಿರಲಿಲ್ಲ. ನೋಡಿ ನೋಡಿ ಸಂಶೋಧಕಿಯ ಕಣ್ಣು ಸೋತಿತ್ತು. ಅವಳ ಪಾಲಿಗೆ ಆ ದೊಡ್ಡ ಲೇಸರ್ ಸಿಕ್ಕಿದ್ದು ಮೂರೇ ದಿನ. ಇಂದು ಐದು ಗಂಟೆಗೆ ಬೇರೆ ತಂಡಕ್ಕೆ ಬಿಟ್ಟುಕೊಡಬೇಕು; ಆಗಲೇ ನಾಲ್ಕು ಹೊಡೆದಿತ್ತು. ಮುಂದಿನ ಸರದಿ ಇನ್ನೆರಡು ವರ್ಷದ ನಂತರ. ಅಷ್ಟರಲ್ಲಿ ಪಿಎಚ್‌ಡಿಯ ಗಡುವೇ ಮುಗಿದಿರುತ್ತದೆ.

ಕೇಳಲು ಸರಳವಾದ ಕೆಲಸವೇ. ಗಾಳಿಯನ್ನೆಲ್ಲ ಹೀರಿ ತೆಗೆದ ಉಕ್ಕಿನ ಗೂಡಿನೊಳಗೆ ಸಣ್ಣ ಮೂತಿಯಿಂದ ಕ್ಸೆನಾನ್ ಅನಿಲ ಚಿಮ್ಮುತ್ತದೆ. ಚಿಮ್ಮಿದ್ದೇ ತಣ್ಣಗಾಗಿ, ಚಳಿಗೆ ಒತ್ತಿಕೊಂಡು ಮಲಗುವ ಮಕ್ಕಳಂತೆ, ಸಾವಿರಾರು ಪರಮಾಣುಗಳು ಗೊಂಚಲು ಕಟ್ಟುತ್ತವೆ. ಆ ಗೊಂಚಲಿಗೆ ಕಣ್ಣಿಗೆ ಕಾಣದ ಕಿರು ಅಲೆಯ ಬೆಳಕು ಒಂದೇ ಏಟು ಕೊಡಬೇಕು. ಎಲೆಕ್ಟ್ರಾನುಗಳು ಹಾರಿಹೋಗಿ, ಉಳಿದವು ಒಂದನ್ನೊಂದು ನೂಕಿಕೊಂಡು ಸಿಡಿಯುತ್ತವೆ. ಆ ಚೂರುಗಳೇ ಪರದೆಯ ಮೇಲೆ ಗುಡ್ಡಗಳಾಗಿ ಏಳಬೇಕು. ನಿನ್ನೆ ಗುಬುಟಿನಷ್ಟಾದರೂ ಎದ್ದಿದ್ದವು. ಇವತ್ತು ಮೂತಿ ಬದಲಿಸಿದ ಮೇಲೆ ಅದೂ ಇಲ್ಲ.

ಲೇಸರ್ ನೋಡಿದಳು, ಕನ್ನಡಿ ನೋಡಿದಳು, ತಂತಿಯೆಲ್ಲ ಬಿಚ್ಚಿ ಜೋಡಿಸಿದಳು. ಅನಿಲದ ಕವಾಟವೊಂದನ್ನೇ ನೋಡಿರಲಿಲ್ಲ. ಅದು ಲ್ಯಾಬಿನವರೆಲ್ಲ 'ವಾಲ್ವ್ ಮಾವ' ಎಂದು ಕರೆಯುವವರ ಕೈಯಲ್ಲಿತ್ತು. ಆ ಹಿರಿಯ ಮೆಕ್ಯಾನಿಕ್‌ನ ಕೆಲಸದಲ್ಲಿ ಎಂದೂ ಹುಳುಕಿರಲಿಲ್ಲ. 'ಎಲ್ಲಿ ಎಡವಿದೆನೋ ನೀನೇ ತೋರಿಸಪ್ಪಾ' ಎಂದು ದೇವರಲ್ಲಿ ಬೇಡಿಕೊಂಡು ಮಾವನ ಬಳಿಗೇ ಹೋದಳು.

"ಮಾವ, ಬೆಳಿಗ್ಗೆ ಫೋನಲ್ಲಿ ಹೇಳಿದ್ನಲ್ಲ, ಹೊಸ ಮೂತಿಗೆ ಗ್ಯಾಸ್ ಬಿಡೋದನ್ನ ಸ್ವಲ್ಪ ಮುಂದೆ ಹಾಕಿ ಅಂತ. ಹಾಕಿದ್ರಾ?"

"ಹಾಕ್ದೆ ಕಣಮ್ಮ. ಇನ್ನೂ ಮುಂದೆ ಹಾಕ್ಲಾ?"

"ಎಷ್ಟು ಹಾಕಿದೀರಿ?"

"ನಮ್ಮ ದೊಡ್ಡವಳ ಮದುವೆ ಎರಡು ಸಲ ಮುಂದೆ ಹೋಗ್ಲಿಲ್ವಾ, ಹಾಗೇ ಆರಾಮಾಗಿ. ಬೆಳಕು ಬಂದು ಹೋಗ್ಲಿ, ಆಮೇಲೆ ಗ್ಯಾಸ್ ಬರ್ಲಿ ಅಂತ."

"ಮಾವಾ! ಮುಂದೆ ಅಂದ್ರೆ ಬೆಳಕಿಗಿಂತ ಮುಂದೆ! ಮೊದ್ಲು!"

"ಹಾಗಾದ್ರೆ ಮೊದ್ಲು ಅನ್ನೋದಲ್ವಾ! ಇಷ್ಟು ಓದಿದೀಯ, ನೆಟ್ಟಗೆ ಮಾತಾಡೋಕೆ ಬರಲ್ವಾ?"

ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ವ್ಯತ್ಯಾಸ. ಬೆಳಗಿನಿಂದ ಬೆಳಕು ಖಾಲಿ ಮನೆಗೆ ಬಂದು ಬಂದು ಹೋಗಿತ್ತು.

ಬೈದುಕೊಳ್ಳುತ್ತಲೇ ಮಾವ ಅವಳ ಜೊತೆ ಪರದೆಯ ಬಳಿ ಬಂದು ಕವಾಟದ ಗುಂಡಿ ತಿರುಗಿಸಿದರು. ಗೆರೆ ಮಿಸುಕಿತು. ಇನ್ನೂ ತುಸು ತಿರುಗಿಸಿದರು. ಒಂದು ಗುಬುಟು, ಅದರ ಪಕ್ಕ ಇನ್ನೊಂದು. ನೋಡನೋಡುತ್ತಿದ್ದಂತೆ ನಿನ್ನೆ ಕಂಡಿರದಷ್ಟು ಎತ್ತರದ ಗುಡ್ಡಗಳ ಸಾಲೇ ಎದ್ದು ನಿಂತಿತು.

"ಸಾಕು, ಸಾಕು! ಇನ್ನು ಮುಟ್ಟಬೇಡಿ!"

ಐದಕ್ಕೆ ಐದು ನಿಮಿಷ ಇರುವಾಗ ಬೇಕಾದಷ್ಟೂ ದಾಖಲಾಗಿತ್ತು. ಎರಡು ಕಡೆ ಉಳಿಸಿಟ್ಟು, ತೆರೆದು ನೋಡಿ, ಅವಳು ಕೈಜೋಡಿಸಿ ಕಣ್ಣು ಮುಚ್ಚಿದಳು. ಎದೆಯ ಮೇಲಿನ ಕಲ್ಲನ್ನು ಯಾರೋ ಮೆಲ್ಲಗೆ ಎತ್ತಿಟ್ಟಂತಾಯಿತು.

ಮಾವ ಕುರ್ಚಿ ಎಳೆದು ಕೊಟ್ಟರು. "ಬೆಳಿಗ್ಗೆಯಿಂದ ನಿಂತೇ ಇದೀಯ. ಕೂತ್ಕೋ ತಾಯಿ."