ಉಪ್ಪಿನ ತೊಟ್ಟಿಯ ಸಂತ

ಸಾನ್ ಪೆಲಾಯೋ ಚರ್ಚಿನ ಮುಂಬಾಗಿಲ ಕಮಾನಿನಲ್ಲಿ ಕಲ್ಲಲ್ಲಿ ಕಡೆದ ಏಸುವಿನ ಹನ್ನೆರಡು ಮಂದಿ ಶಿಷ್ಯರಿದ್ದಾರೆ, ತಲೆಗಳು ಮಾತ್ರ ಹನ್ನೊಂದು. ಎಂಟುನೂರು ವರ್ಷ ಜಪ್ಪಯ್ಯ ಅನ್ನದೆ ನಿಂತಿದ್ದ ಹನ್ನೆರಡನೆಯದನ್ನು, ಬಸ್ಸಿಗೆಂದು ರಸ್ತೆ ಅಗಲ ಮಾಡಿದ ವರ್ಷ, ಒನೊರೀನೊ ತನ್ನ ಕ್ರೇನಿನಿಂದ ಪುಡಿ ಮಾಡಿದನೆಂದು ಬೀದಿಗೆಲ್ಲ ಗೊತ್ತು. ಸುತ್ತ ಏಳಂತಸ್ತಿನ ಮನೆಗಳೆದ್ದವು, ಚರ್ಚು ಅವುಗಳ ನಡುವೆ ಹೇಗೋ ಉಳಿದುಕೊಂಡಿತು. ಒನೊರೀನೊ ಮಾತ್ರ ಆ ಬಾಗಿಲನ್ನು ಮತ್ತೆ ದಾಟಲಿಲ್ಲ. ನಲವತ್ತೈದು ವರ್ಷದಿಂದ ಭಾನುವಾರದ ಪ್ರಾರ್ಥನೆಗೆ ಪಕ್ಕದ ಬಾಗಿಲಿನಿಂದಲೇ ಬರುತ್ತಾನೆ. "ತಲೆ ತೆಗೆಯೋನು ಬಂದ, ಟೋಪಿ ಹಿಡ್ಕೊಳ್ರೋ!" ಎಂದು ಬಾರಿನವರು ಈಗಲೂ ನಗುತ್ತಾರೆ. ಅದೇ ಬೀದಿಯಲ್ಲಿ ಬೆಳೆದ ಒಬ್ದೂಲಿಯಾ ಕೂಡ ಚಿಕ್ಕವಳಿದ್ದಾಗ ಹಾಗೆ ಕೂಗಿದ್ದಳು.

ಈಗ ಅವಳಿಗೆ ಅದೇ ಚರ್ಚಿನ ಶಿಲ್ಪಗಳ ಅಳತೆ ತೆಗೆದು ಪಟ್ಟಿ ಬರೆಯುವ ಕೆಲಸ. ಆ ಶನಿವಾರ ಅಜ್ಜಿಯ ಮನೆಯಲ್ಲಿ ವರ್ಷವಿಡೀ ಕೆಡದಿರಲೆಂದು ಹಂದಿತೊಡೆಗೆ ಉಪ್ಪು ಹಾಕಿ ತೊಟ್ಟಿಯಲ್ಲಿ ಒತ್ತಿಡುತ್ತಿದ್ದರು. ತೊಟ್ಟಿಯ ಮೇಲೆ ಭಾರಕ್ಕಿಡುವ ಕಲ್ಲನ್ನು ಅಜ್ಜಿ ಕಸೀಲ್ದಾ ಎಂದಿನಂತೆ ಗೋಣಿಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ಒಬ್ದೂಲಿಯಾ ಎತ್ತುವಾಗ ಬಟ್ಟೆ ಜಾರಿತು. ಅವಳ ಹೆಬ್ಬೆರಳು ಒಂದು ಮೂಗಿನ ಮೇಲಿತ್ತು. ಕೆಳಗೆ ಗುಂಗುರು ಗಡ್ಡ. ಹನ್ನೊಂದು ಗಡ್ಡಗಳನ್ನು ಅಳೆದವಳಿಗೆ ಹನ್ನೆರಡನೆಯದರ ಗುರುತು ಸಿಗದೆ ಇರುತ್ತದೆಯೇ?

"ಅಜ್ಜೀ, ಇದು..."

"ಮುಚ್ಚೇ ಅದನ್ನ! ಕ್ರೇನು ತಾಗಿ ಅಲ್ಲಾಡ್ತಿತ್ತಂತೆ. ನಿಮ್ಮಜ್ಜ ಅಲ್ಲೇ ಕೂಲಿಗಿದ್ದ, ಮಾರೋಣ ಅಂತ ಕಿತ್ಕೊಂಡ್ ಬಂದ. ಆಮೇಲೆ ಗಲಾಟೆಯಾಯ್ತು, ಹೆದರ್ಕೊಂಡ."

"ಒನೊರೀನೊ ಮಾವ ಇಷ್ಟು ವರ್ಷ ಬೈಸ್ಕೊಂಡ್ನಲ್ಲ ಅಜ್ಜಿ?"

"ವರ್ಷಾ ವರ್ಷಾ ಇದರಡಿ ಇಟ್ಟ ಮಾಂಸ ತಿನ್ನೋವಾಗ ನೀನೇನು ಬೇಡ ಅಂದಿದ್ಯಾ?"

ಒಬ್ದೂಲಿಯಾಗೆ ನಾಲಿಗೆಯ ಮೇಲೆಲ್ಲ ಉಪ್ಪು ಹರಡಿದಂತಾಯಿತು.

ಭಾನುವಾರ ಅವಳು ಆ ತಲೆಯನ್ನು ತರಕಾರಿಯ ಗಾಲಿಚೀಲಕ್ಕೆ ಹಾಕಿಕೊಂಡು ಹೊರಟಳು. ಚರ್ಚಿನ ಮೆಟ್ಟಿಲಲ್ಲಿ ಗಾಲಿ ಸಿಕ್ಕಿಕೊಂಡಿತು. ಪಕ್ಕದ ಬಾಗಿಲಿಗೆ ಹೊರಟಿದ್ದ ಒನೊರೀನೊ ಬಂದು ಎತ್ತಲು ಕೈಜೋಡಿಸಿದ.

"ಏನೇ ಹುಡುಗಿ, ಅಜ್ಜಿ ಇಡೀ ಹೊಲಾನೇ ತುಂಬಿ ಕಳ್ಸಿದಾಳಾ?"

ಅವಳು ಚೀಲ ತೆರೆದು ಗೋಣಿಬಟ್ಟೆ ಸರಿಸಿದಳು. ಮುದುಕ ಟೋಪಿ ತೆಗೆದ. ಕಲ್ಲಿನ ಕಣ್ಣಲ್ಲಿ ಕಟ್ಟಿದ್ದ ಉಪ್ಪನ್ನು ಉಗುರಿನಿಂದ ಕೆರೆದ.

"ಹಾಗಾದ್ರೆ ನಾನು ಪುಡಿ ಮಾಡ್ಲಿಲ್ಲ."

"ಇಲ್ಲ ಮಾವ. ನಮ್ಮಜ್ಜ..."

"ನಿಮ್ಮಜ್ಜ ಸಾಯೋವರ್ಗೂ ಪ್ರತಿ ಭಾನುವಾರ ನಂಗೆ ವೈನ್ ಕೊಡಿಸ್ದ. ಬಾರಲ್ಲಿ ನನ್ನ ಪಕ್ಕ ಕೂರ್ತಿದ್ದೋನು ಅವನೊಬ್ನೇ. ಎಷ್ಟು ಒಳ್ಳೇವ್ನು ಅಂದ್ಕೊಂಡಿದ್ದೆ."

"ಬನ್ನಿ ಮಾವ, ಇವತ್ತು ಈ ಬಾಗಿಲಿಂದ..."

"ಬೇಡ ಬಿಡು. ಕಾಲಿಗೆ ಆ ಕಡೇನೇ ಅಭ್ಯಾಸ."

ಅವನು ಪಕ್ಕದ ಬಾಗಿಲಿನತ್ತ ನಡೆದ. ಮೆಟ್ಟಿಲು ಹತ್ತುತ್ತಿದ್ದವರು ಚೀಲಕ್ಕೆ ಇಣುಕಿದರು. "ಎಲ್ಲಿತ್ತೇ ಇದು?"

"ನಮ್ಮನೇಲಿ," ಎಂದಳು. ಯಾರಿಗೂ ಕೇಳಿಸಲಿಲ್ಲ. ತಲೆ ಎತ್ತಲಾಗದೆ, ಆದರೆ ಆ ಪಕ್ಕದ ಬಾಗಿಲಿಗೂ ಮುಟ್ಟುವಷ್ಟು ಗಟ್ಟಿಯಾಗಿ, ಮತ್ತೊಮ್ಮೆ ಹೇಳಿದಳು: "ನಮ್ಮನೇಲಿತ್ತು. ಕದ್ದಿದ್ದು ನಮ್ಮಜ್ಜ."